ಡಿಸ್ಕ್ ಜಾರಿ ಪಾದದ ಬಲ ಹೋದರೆ: ಮನೆಯ ಪರೀಕ್ಷೆಯಿಂದ ಕೀಹೋಲ್ ಆಪರೇಷನ್‌ವರೆಗೆ

ನಡೆಯುವಾಗ ಒಂದು ಕಾಲಿನ ಹವಾಯಿ ಚಪ್ಪಲಿ ಮಾತ್ರ ತಾನಾಗೇ ಕಳಚಿ ಹಿಂದೆ ಉಳಿಯುತ್ತಿದೆಯಾ? ಹೊಸ್ತಿಲು ದಾಟುವಾಗ ಹೆಬ್ಬೆರಳು ತಾಗಿ ಎಡವುತ್ತೀರಾ? ಫರ್ಶಿ ಮೇಲೆ ಒಂದು ಪಾದ ಮಾತ್ರ ಪಟ್ ಪಟ್ ಅಂತ ಸದ್ದು ಮಾಡುತ್ತದಾ? ಇದಕ್ಕೂ ಮುಂಚೆ ಕೆಲವು ದಿನ ಅಥವಾ ವಾರ ಸೊಂಟದಿಂದ ಹೊರಟು ತೊಡೆ, ಮೀನಖಂಡದವರೆಗೆ ಎಳೆಯುವ ನೋವು ಇದ್ದಿದ್ದರೆ ಮುಂದೆ ಓದಿ.

ನಾನು ಬಾಗಲಕೋಟೆಯಲ್ಲಿ ಫಿಸಿಯೋಥೆರಪಿ ಮಾಡುವವನು. ಆಪರೇಷನ್ ಮಾಡುವುದು ಸರ್ಜನ್ ಕೆಲಸ. ಆಮೇಲೆ ಆ ಕಾಲನ್ನು ಮತ್ತೆ ನಡೆಸುವುದು ನನ್ನ ಕೆಲಸ. ಹಾಗಾಗಿ ತಡವಾಗಿ ಬಂದವರ ಪಾದ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ನಮ್ಮ ಕಡೆ ಜನ ನೋವು ಅಂದರೆ ರಾತ್ರೋರಾತ್ರಿ ದವಾಖಾನೆಗೆ ಓಡುತ್ತಾರೆ, ಬಲ ಹೋದರೆ ಜಾತ್ರೆ ಮುಗಿಯಲಿ, ಕಬ್ಬು ಕಡಿದು ಆಗಲಿ ಅಂತ ಕಾಯುತ್ತಾರೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ನೋವಿಗೆ ಕಾಯಬಹುದು, ಬಲಕ್ಕೆ ಕಾಯಬಾರದು.

ಒಳಗೆ ಆಗುವುದೇನು

ಬೆನ್ನುಮೂಳೆಯ ಎರಡು ಮಣಿಗಳ ನಡುವೆ ಒಂದು ಮೆತ್ತನೆಯ ಬಿಲ್ಲೆ ಇರುತ್ತದೆ, ಅದೇ ಡಿಸ್ಕ್. ಹೊರಗಡೆ ಗಟ್ಟಿ ಪದರ, ಒಳಗೆ ಮೆದು ತಿರುಳು. ಹೋಳಿಗೆ ಲಟ್ಟಿಸುವಾಗ ಒಂದು ಕಡೆ ಕಣಕ ಹರಿದು ಹೂರಣ ಹೊರಗೆ ಇಣುಕುತ್ತದಲ್ಲ, ಹಾಗೆ ಹೊರಪದರ ಹರಿದು ತಿರುಳು ಹಿಂದಕ್ಕೆ ಬರುತ್ತದೆ. ಹಿಂದೆ ಕಾಲಿಗೆ ಹೋಗುವ ನರಗಳಿವೆ. ತಿರುಳು ನರವನ್ನು ಒತ್ತುತ್ತದೆ, ಜೊತೆಗೆ ಅದರಲ್ಲಿರುವ ರಾಸಾಯನಿಕಗಳಿಂದ ನರ ಉರಿಯುತ್ತದೆ. ಉರಿಯಿಂದ ನೋವು, ಒತ್ತಡ ಜಾಸ್ತಿಯಾದರೆ ಜೋಮು, ಇನ್ನೂ ಜಾಸ್ತಿಯಾದರೆ ಬಲ ಹೋಗುವುದು.

ಸೊಂಟದಲ್ಲಿ ಕೆಡುವ ಡಿಸ್ಕ್‌ಗಳು ಹೆಚ್ಚಾಗಿ ಎರಡೇ. ಎಲ್ ಅಂದರೆ ಸೊಂಟದ ಮಣಿ, ಎಸ್ ಅಂದರೆ ಅದರ ಕೆಳಗಿನದು, ಪಕ್ಕದ್ದು ಅದರ ನಂಬರ್; ನರಗಳಿಗೂ ಇದೇ ಹೆಸರು. ಎಲ್4-ಎಲ್5 ನಡುವಿನದು ಸಾಮಾನ್ಯವಾಗಿ ಎಲ್5 ನರವನ್ನು ಒತ್ತುತ್ತದೆ. ಆಗ ಪಾದವನ್ನು, ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಆಗುವುದಿಲ್ಲ. ಇದನ್ನೇ ಡಾಕ್ಟರು ಫುಟ್ ಡ್ರಾಪ್ ಅನ್ನುವುದು. ಅದರ ಕೆಳಗಿನ ಎಲ್5-ಎಸ್1 ಡಿಸ್ಕ್ ಎಸ್1 ನರವನ್ನು ಹಿಡಿಯುತ್ತದೆ. ಆಗ ತುದಿಗಾಲಲ್ಲಿ ನಿಲ್ಲಲು ಆಗುವುದಿಲ್ಲ, ಮೆಟ್ಟಿಲು ಹತ್ತುವಾಗ ಕಾಲು ನೆಲವನ್ನು ಒದೆಯುವುದಿಲ್ಲ. ಈ ಎರಡನೆಯದನ್ನು ಮನೆಯಲ್ಲಿ ಯಾರೂ ಗಮನಿಸುವುದೇ ಇಲ್ಲ, ಯಾಕೆಂದರೆ ಚಪ್ಪಲಿ ಜಾರುವುದಿಲ್ಲ, ಎಡವುವುದೂ ಇಲ್ಲ.

ಮನೆಯಲ್ಲೇ ಮಾಡಿ ನೋಡುವುದು

ಗೋಡೆ ಪಕ್ಕ ನಿಲ್ಲಿ, ಒಬ್ಬರು ಜೊತೆಗಿರಲಿ. ಮೊದಲು ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆಯಿರಿ, ಮುಂಗಾಲು ನೆಲಕ್ಕೆ ತಾಗಬಾರದು. ಒಂದು ಕಡೆಯ ಮುಂಗಾಲು ಕೆಳಗೆ ಬೀಳುತ್ತಿದ್ದರೆ ಎಲ್5 ಮೇಲೆ ಅನುಮಾನ. ಆಮೇಲೆ ಗೋಡೆ ಹಿಡಿದು ಒಂದೇ ಕಾಲಲ್ಲಿ ನಿಂತು ಹಿಮ್ಮಡಿಯನ್ನು ಹತ್ತು ಸಲ ಮೇಲೆತ್ತಿ. ಆರಾಮವಾಗಿರುವ ಕಾಲು ಹತ್ತು ಎತ್ತಿ, ಇನ್ನೊಂದು ಎರಡು ಮೂರಕ್ಕೇ ನಿಂತರೆ ಎಸ್1 ಮೇಲೆ ಅನುಮಾನ. ಕೊನೆಗೆ ಮಂಚದ ಮೇಲೆ ಕಾಲು ಚಾಚಿ, ಎರಡೂ ಹೆಬ್ಬೆರಳನ್ನು ಮುಖದ ಕಡೆ ಎತ್ತಿ ಹಿಡಿಯಿರಿ. ಮನೆಯವರು ಬೆರಳಿನಿಂದ ಎರಡನ್ನೂ ಒಟ್ಟಿಗೆ ಕೆಳಕ್ಕೆ ಒತ್ತಲಿ. ಒಂದು ಸಲೀಸಾಗಿ ಬಿದ್ದರೆ ಗೊತ್ತಾಗಿಬಿಡುತ್ತದೆ.

ಡಾಕ್ಟರು ಈ ಬಲಕ್ಕೆ 0ಯಿಂದ 5ರವರೆಗೆ ನಂಬರ್ ಕೊಡುತ್ತಾರೆ. 5 ಅಂದರೆ ಪೂರ್ತಿ ಬಲ. 4 ಅಂದರೆ ಎತ್ತುತ್ತದೆ, ಆದರೆ ಜೋರಾಗಿ ಒತ್ತಿದರೆ ಸೋಲುತ್ತದೆ. 3 ಅಂದರೆ ಬರೀ ಪಾದದ ತೂಕ ಎತ್ತುವಷ್ಟು ಮಾತ್ರ. 2ಕ್ಕೆ ಪಾದ ಎತ್ತಲಾಗದು, ಅಡ್ಡಡ್ಡ ಇಟ್ಟರೆ ಮಾತ್ರ ಆಡುತ್ತದೆ. 1 ಅಂದರೆ ಸ್ನಾಯು ಬರೀ ಮಿಸುಕುತ್ತದೆ, 0ಗೆ ಅದೂ ಇಲ್ಲ. ಮೊದಲ ಸಲ ತೋರಿಸಿದ ದಿನವೇ ಈ ನಂಬರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಎಲ್ಲ ತೀರ್ಮಾನವೂ ಇದು ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದರ ಮೇಲೆ ನಿಂತಿರುತ್ತದೆ, ಆದರೆ ಎಷ್ಟೋ ಜನರ ಫೈಲಿನಲ್ಲಿ ಬಿಪಿ, ಶುಗರ್, ತೂಕ ಎಲ್ಲ ಇರುತ್ತದೆ, ಇದೊಂದೇ ಇರುವುದಿಲ್ಲ.

ಎಷ್ಟು ದಿನ ಕಾಯಬಹುದು

ಬರೀ ನೋವಿದ್ದು ಬಲ ಸರಿಯಾಗಿದ್ದರೆ ಆಪರೇಷನ್‌ಗೆ ಅವಸರ ಬೇಡವೇ ಬೇಡ. ಹೊರಬಂದ ತಿರುಳನ್ನು ದೇಹವೇ ನಿಧಾನಕ್ಕೆ ಕರಗಿಸುತ್ತದೆ, ಬಹಳ ಜನಕ್ಕೆ 6ರಿಂದ 12 ವಾರದಲ್ಲಿ ನೋವು ಇಳಿಯುತ್ತದೆ. 2007ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಜೋರು ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಎಳೆಯುವ ನೋವು, ಇದ್ದ 283 ಜನರನ್ನು ಎರಡು ಗುಂಪು ಮಾಡಿ, ಕೆಲವರಿಗೆ ಬೇಗ ಆಪರೇಷನ್, ಉಳಿದವರಿಗೆ ಮೊದಲು ಔಷಧಿ, ಕಾಯುವಿಕೆ ಅಂತ ನೋಡಿದರು. ಆಪರೇಷನ್ ಆದವರ ನೋವು ಬೇಗ ಹೋಯಿತು, ನಿಜ, ಆದರೆ ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಈ ಅಧ್ಯಯನವನ್ನು ತೋರಿಸಿ "ನೋಡ್ರಿ, ಆಪರೇಷನ್ ಬೇಕಾಗಿಲ್ಲ" ಅನ್ನುವವರಿದ್ದಾರೆ. ಅವರು ಒಂದು ಮಾತು ಬಿಟ್ಟಿರುತ್ತಾರೆ: ಪಾದವನ್ನು ಎತ್ತುವಷ್ಟೂ ಬಲ ಇಲ್ಲದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ.

ಬಲ 4 ಇದ್ದು, ದಿನದಿಂದ ದಿನಕ್ಕೆ ಹಾಗೇ ಇದ್ದರೆ ಅಥವಾ ಸುಧಾರಿಸುತ್ತಿದ್ದರೆ, ಸರ್ಜನ್ ಕಣ್ಣಳತೆಯಲ್ಲಿ ಕೆಲವು ವಾರ ಕಾಯಬಹುದು. 3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದೇ ವಾರ ಬೆನ್ನುಮೂಳೆ ಸರ್ಜನ್‌ಗೆ ತೋರಿಸಿ. ನಿನ್ನೆ 4 ಇದ್ದದ್ದು ಇವತ್ತು 2 ಆಗಿದ್ದರೆ ವಾರ ಗೀರ ಅಂತ ಲೆಕ್ಕ ಹಾಕಬೇಡಿ, ಇವತ್ತೇ ಹೊರಡಿ.

ಇದರಲ್ಲಿ ಒಂದು ಮೋಸ ಇದೆ. ಕೆಲವರಿಗೆ ನರ ತುಂಬಾ ಒತ್ತಿಹೋದಾಗ ನೋವೇ ಇಳಿದುಬಿಡುತ್ತದೆ. "ನೋವ ಹೋತ್ರಿ ಸರ, ಈಗ ಆರಾಮದೀನಿ, ಪಾದ ಒಂಚೂರು ಏಳವಲ್ದು ಅಷ್ಟ" ಅಂತ ನಗುನಗುತ್ತಾ ಹೇಳುತ್ತಾರೆ. ನನಗೆ ಅತಿ ಹೆಚ್ಚು ಭಯ ಆಗುವುದು ಈ ಮಾತು ಕೇಳಿದಾಗಲೇ. ನೋವು ಇಳಿದು ಬಲವೂ ವಾಪಸ್ ಬರುತ್ತಿದ್ದರೆ ಅದು ವಾಸಿ. ನೋವು ಇಳಿದು ಪಾದವೂ ಬಿದ್ದರೆ ಅದು ನರ ಸೋತ ಲಕ್ಷಣ. ತಿಕ್ಕಿದವರಿಗೋ, ಉಳುಕು ತೆಗೆದವರಿಗೋ, ಕಟ್ಟಿದ ಬೆಲ್ಟಿಗೋ ಇದರ ಕೀರ್ತಿ ಹೋಗುತ್ತದೆ, ಎರಡು ತಿಂಗಳು ಹಾಗೇ ಕಳೆಯುತ್ತದೆ.

ಇನ್ನು ಒಂದು ನಿಮಿಷವೂ ಕಾಯಬಾರದ ಸ್ಥಿತಿ ಬೇರೆ ಇದೆ. ಮೂತ್ರ ಬರುತ್ತಿಲ್ಲ, ಅಥವಾ ತುಂಬಿದ್ದೇ ಗೊತ್ತಾಗದೆ ಹನಿ ಹನಿ ಸೋರುತ್ತಿದೆ. ಸೈಕಲ್ ಸೀಟಿಗೆ ತಾಗುವ ಭಾಗ, ಅಂದರೆ ಗುದ ಮತ್ತು ಜನನಾಂಗದ ಸುತ್ತ, ಜೋಮು ಹಿಡಿದು ಸ್ಪರ್ಶ ಗೊತ್ತಾಗುತ್ತಿಲ್ಲ. ಸಂಡಾಸ್ ಹಿಡಿತ ತಪ್ಪಿದೆ, ಎರಡೂ ಕಾಲು ಸೋಲುತ್ತಿವೆ. ಇದಕ್ಕೆ ಕಾಡಾ ಇಕ್ವೈನಾ ಅನ್ನುತ್ತಾರೆ. ಇವುಗಳಲ್ಲಿ ಒಂದು ಕಂಡರೂ ಸಾಕು, 108ಕ್ಕೆ ಫೋನ್ ಮಾಡಿ, ರಾತ್ರಿಯಾದರೂ ಎಂಆರ್‌ಐ ಮತ್ತು ನ್ಯೂರೋಸರ್ಜನ್ ಇರುವ ಆಸ್ಪತ್ರೆಗೇ ಹೋಗಿ. ಹಳ್ಳಿಯಲ್ಲಿ ನಾಚಿಕೆಯಿಂದ ಈ ಮಾತು ಹೊರಗೆ ಬರುವುದಿಲ್ಲ, ಅದರಲ್ಲೂ ಹೆಣ್ಣುಮಕ್ಕಳು ಹೇಳುವುದೇ ಇಲ್ಲ. ಮನೆಯವರೇ ಕೇಳಬೇಕು.

ಎಲ್ಲ ಫುಟ್ ಡ್ರಾಪ್ ಡಿಸ್ಕಿನದ್ದಲ್ಲ

ಮೊಣಕಾಲಿನ ಹೊರಮಗ್ಗುಲಲ್ಲಿ, ಚರ್ಮದ ಕೆಳಗೇ ಒಂದು ನರ ಸುತ್ತಿ ಹೋಗುತ್ತದೆ. ಹೊಲದಲ್ಲಿ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದವರಿಗೆ, ಈರುಳ್ಳಿ ಕಿತ್ತವರಿಗೆ, ಬಿಗಿಯಾದ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಆ ನರ ಅಲ್ಲೇ ಒತ್ತಿ ಪಾದ ಬೀಳಬಹುದು. ಕುಂಡಿಗೆ ಚುಚ್ಚುವ ಇಂಜೆಕ್ಷನ್ ತಪ್ಪು ಜಾಗಕ್ಕೆ ಬಿದ್ದರೂ ಆಗುತ್ತದೆ. ಸಕ್ಕರೆ ಕಾಯಿಲೆಯಿಂದಲೂ, ಕುಷ್ಠರೋಗದಿಂದಲೂ ಆಗುತ್ತದೆ. ಚರ್ಮದ ಮೇಲೆ ಸ್ಪರ್ಶ ಇಲ್ಲದ ತಿಳಿ ಮಚ್ಚೆ ಇದ್ದರೆ ಮುಚ್ಚಿಡದೆ ತೋರಿಸಿ. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಕೈ, ಮಾತು, ಮುಖವೂ ಜೊತೆಗೆ ಸೋತಿದ್ದರೆ ಅದು ಪಾರ್ಶ್ವವಾಯು, ಅದೂ ಎಮರ್ಜೆನ್ಸಿಯೇ.

ಗುರುತಿಸಲು ಒಂದು ಉಪಾಯ: ಪಾದವನ್ನು ಒಳಮಗ್ಗುಲಿಗೆ ತಿರುಗಿಸಿ, ಇನ್ನೊಬ್ಬರು ತಡೆಯಲಿ. ಸೊಂಟದಲ್ಲಿ ಎಲ್5 ಒತ್ತಿದ್ದರೆ ಈ ಬಲವೂ ಸಾಮಾನ್ಯವಾಗಿ ಕುಗ್ಗಿರುತ್ತದೆ. ಮೊಣಕಾಲ ಹತ್ತಿರ ಒತ್ತಿದ್ದರೆ ಇದು ಸರಿಯಾಗಿರುತ್ತದೆ. ಅನುಮಾನ ಉಳಿದರೆ ಡಾಕ್ಟರು ನರದ ಕರೆಂಟ್ ಪರೀಕ್ಷೆ ಬರೆಯುತ್ತಾರೆ. ಬಲ ಹೋಗಿ ಎರಡು ಮೂರು ವಾರ ಆಗುವ ಮೊದಲು ಅದು ಪೂರ್ತಿ ಉತ್ತರ ಕೊಡುವುದಿಲ್ಲ, ಹಾಗಂತ ಅದಕ್ಕಾಗಿ ಎಂಆರ್‌ಐ ನಿಲ್ಲಿಸಬೇಡಿ.

ಎಂಆರ್‌ಐ, ಮತ್ತೆ ದುಡ್ಡಿನ ಮಾತು

ಎಕ್ಸ್‌ರೇಯಲ್ಲಿ ಡಿಸ್ಕ್ ಕಾಣುವುದಿಲ್ಲ. "ಎಕ್ಸ್‌ರೇ ನಾರ್ಮಲ್ ಇದೆ" ಅಂತ ಸಮಾಧಾನ ಪಡಬೇಡಿ. ಸೊಂಟದ ಎಂಆರ್‌ಐ ಬೇಕು. ಮೊದಲ ಸಲವಾದರೆ ಸಾಮಾನ್ಯವಾಗಿ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಾಗುವುದಿಲ್ಲ, ಮೊದಲೇ ಅಲ್ಲಿ ಆಪರೇಷನ್ ಆಗಿದ್ದರೆ ಮಾತ್ರ ಕೇಳುತ್ತಾರೆ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ಒಳಗೆ ಹೋಗುವ ಮೊದಲೇ ಹೇಳಿ. ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ. ಎಷ್ಟೋ ಸರ್ಜನ್‌ಗಳು ರಿಪೋರ್ಟ್ ಓದುವುದಕ್ಕಿಂತ ಚಿತ್ರಗಳನ್ನೇ ನೋಡುತ್ತಾರೆ.

ರಿಪೋರ್ಟ್‌ನಲ್ಲಿ ನಾಲ್ಕು ಕಡೆ "ಬಲ್ಜ್", ಅಂದರೆ ಡಿಸ್ಕ್ ಉಬ್ಬಿದೆ, ಅಂತ ಬರೆದಿದ್ದರೆ ಹೆದರಬೇಡಿ. ನೋವೇ ಇಲ್ಲದವರಲ್ಲೂ ಇದು ಕಾಣುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಎಡಗಾಲಿನ ಹೆಬ್ಬೆರಳು ಏಳುತ್ತಿಲ್ಲ, ಎಂಆರ್‌ಐಯಲ್ಲಿ ಎಡಗಡೆ, ಅದೇ ನರದ ಮೇಲೆ ಒತ್ತಡ ಇದೆಯಾ? ಕಾಲು ಹೇಳುವುದೂ ಚಿತ್ರ ಹೇಳುವುದೂ ತಾಳೆಯಾಗದಿದ್ದರೆ ಆಪರೇಷನ್ ಟೇಬಲ್ ಹತ್ತಬೇಡಿ.

ದೊಡ್ಡ ಆಸ್ಪತ್ರೆಗಳಿಗೆ ನಮ್ಮ ಭಾಗದಲ್ಲಿ ಈಗ ಬರ ಇಲ್ಲ. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆ ನವನಗರದಲ್ಲಿ ಕುಮಾರೇಶ್ವರ ಆಸ್ಪತ್ರೆ ಇವೆ. ಇನ್ನು ಹುಬ್ಬಳ್ಳಿ, ಮಿರಜ್, ಸೊಲ್ಲಾಪುರಕ್ಕೆ ಹೋಗುವ ರೂಢಿಯಂತೂ ಹಳೆಯದು. ಹೆಸರು ನೋಡಿ ಬಸ್ ಹತ್ತುವ ಮೊದಲು ಫೋನ್ ಮಾಡಿ: ಬೆನ್ನುಮೂಳೆ ಆಪರೇಷನ್ ಮಾಡುವ ಡಾಕ್ಟರು ಯಾವ ದಿನ ಸಿಗುತ್ತಾರೆ, ಮೈಕ್ರೋಸ್ಕೋಪ್ ಇದೆಯಾ, ನಮ್ಮ ಕಾರ್ಡ್ ನಡೆಯುತ್ತದಾ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಮಿತಿ ವರ್ಷಕ್ಕೆ 1.5 ಲಕ್ಷ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡನ್ನೂ ಹುಡುಕಿ ತೆಗೆಯಿರಿ. ಕೆಲವು ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕಾಣಿ, ಬಿಲ್ ಆದಮೇಲೆ ಹೋದರೆ ಪ್ರಯೋಜನ ಇಲ್ಲ.

ಕೀಹೋಲ್ ಅಂದರೆ ನಿಜವಾಗಿ ಏನು

ಕೀಹೋಲ್ ಅಂದರೆ ಚಿಕ್ಕ ಗಾಯದ ಮೂಲಕ ಮಾಡುವ ಆಪರೇಷನ್. ಊರಲ್ಲಿ ಎಲ್ಲದಕ್ಕೂ "ದುರ್ಬೀನ್ ಆಪರೇಷನ್" ಅಂದುಬಿಡುತ್ತಾರೆ, ಆದರೆ ಇದರಲ್ಲಿ ಮೂರು ದಾರಿಗಳಿವೆ. ಮೈಕ್ರೋಡಿಸೆಕ್ಟಮಿಯಲ್ಲಿ ಬೆನ್ನಿನ ನಡುವೆ ಸುಮಾರು ಒಂದು ಇಂಚಿನ ಗಾಯ ಮಾಡಿ, ಸ್ನಾಯುವನ್ನು ಮೂಳೆಯಿಂದ ಸ್ವಲ್ಪ ಬಿಡಿಸಿ, ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ಕೆಲಸ ಮಾಡುತ್ತಾರೆ. 1977ರಿಂದಲೂ ಇರುವ ಪದ್ಧತಿ ಇದು. ಟ್ಯೂಬ್ ಪದ್ಧತಿ 1997ರ ಸುಮಾರಿಗೆ ಬಂತು. ಇದರಲ್ಲಿ ಸ್ನಾಯುವನ್ನು ಕೊಯ್ಯದೆ ಎಳೆಗಳ ನಡುವೆ ಜಾಗ ಮಾಡಿ, ಸುಮಾರು 18 ಮಿಲಿಮೀಟರ್ ಅಗಲದ ಕೊಳವೆ ಇಳಿಸಿ ಅದರೊಳಗಿಂದ ಕೆಲಸ. ಎಂಡೋಸ್ಕೋಪಿಯಲ್ಲಿ ಗಾಯ ಇನ್ನೂ ಚಿಕ್ಕದು, ಒಂದು ಸೆಂಟಿಮೀಟರ್‌ಗಿಂತ ಕಡಿಮೆ. ಕ್ಯಾಮೆರಾ ಒಳಗೇ ಹೋಗುತ್ತದೆ, ಪಕ್ಕೆ ಕಡೆಯಿಂದ ಹೋಗುವುದಾದರೆ ಆ ಜಾಗ ಮಾತ್ರ ಮರಗಟ್ಟಿಸಿ ರೋಗಿ ಎಚ್ಚರವಿರುವಾಗಲೇ ಮಾಡಬಹುದು.

ಮೂರರಲ್ಲೂ ಒಳಗೆ ಮಾಡುವುದು ಒಂದೇ ಕೆಲಸ. ಬೋರಲು ಮಲಗಿಸಿ, ಸಿ-ಆರ್ಮ್ ಎಕ್ಸ್‌ರೇಯಲ್ಲಿ ಮಣಿ ಎಣಿಸಿ ಸರಿಯಾದ ಡಿಸ್ಕ್ ಗುರುತಿಸುತ್ತಾರೆ, ನರದವರೆಗೆ ದಾರಿ ಮಾಡಿಕೊಳ್ಳುತ್ತಾರೆ, ನರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಬಂದ ತುಂಡನ್ನು ಚಿಮಟದಿಂದ ಎಳೆದು ತೆಗೆಯುತ್ತಾರೆ. ಪೂರ್ತಿ ಡಿಸ್ಕ್ ತೆಗೆಯುವುದಿಲ್ಲ.

ಈಗ ನನ್ನ ಅಭಿಪ್ರಾಯ, ಕೆಲವರಿಗೆ ಇಷ್ಟವಾಗದಿರಬಹುದು. ಗಾಯದ ಅಳತೆ ನೋಡಿ ಸರ್ಜನ್ ಆರಿಸಬೇಡಿ. 2009ರಲ್ಲಿ ಪ್ರಕಟವಾದ ಒಂದು ಡಚ್ ಅಧ್ಯಯನ ಟ್ಯೂಬ್ ಪದ್ಧತಿಯನ್ನು ಮಾಮೂಲಿ ಮೈಕ್ರೋಡಿಸೆಕ್ಟಮಿ ಜೊತೆ ಹೋಲಿಸಿತು, ಟ್ಯೂಬ್ ಮೇಲುಗೈ ಸಾಧಿಸಲಿಲ್ಲ. 2022ರಲ್ಲಿ ಬಂದ ಇನ್ನೊಂದರಲ್ಲಿ ಎಂಡೋಸ್ಕೋಪಿ ಕಾಲುನೋವಿನ ವಿಷಯದಲ್ಲಿ ಹಳೆಯದಕ್ಕಿಂತ ಕಡಿಮೆಯೇನಲ್ಲ ಅಂತ ಗೊತ್ತಾಯಿತು. ಚಿಕ್ಕ ಗಾಯದಿಂದ ಬೆನ್ನು ಬೇಗ ಸುಧಾರಿಸಬಹುದು, ಆಸ್ಪತ್ರೆಯಿಂದ ಒಂದೆರಡು ದಿನದಲ್ಲಿ ಬಿಡಬಹುದು, ಆದರೆ ಪಾದ ಎದ್ದೇಳುವುದು ನರದ ಮೇಲಿನ ತುಂಡು ಎಷ್ಟು ಬೇಗ, ಎಷ್ಟು ಪೂರ್ತಿಯಾಗಿ ಹೋಯಿತು ಅನ್ನುವುದರ ಮೇಲೆ. ಹತ್ತಿರದಲ್ಲಿ ಈ ವಾರವೇ ಮೈಕ್ರೋಡಿಸೆಕ್ಟಮಿ ಚೆನ್ನಾಗಿ ಮಾಡುವವರು ಇದ್ದಾರೆ ಅಂದರೆ, ಬೆಂಗಳೂರಿನಲ್ಲಿ ಎಂಡೋಸ್ಕೋಪಿಗೆ ಅಂತ ಮುಂದಿನ ತಿಂಗಳ ತಾರೀಖು ಹಿಡಿದು ಕೂರುವುದು ದಡ್ಡತನ. ಲೇಸರ್‌ನಲ್ಲಿ ಕರಗಿಸುತ್ತೇವೆ ಅನ್ನುವ ಜಾಹೀರಾತೂ ಬರುತ್ತದೆ. ಹರಿದು ಹೊರಬಿದ್ದ ತುಂಡು ನರ ಒತ್ತಿ ಪಾದ ಬಿದ್ದಿರುವಾಗ ಅದು ಉತ್ತರವಲ್ಲ. ಸ್ಕ್ರೂ, ರಾಡ್ ಹಾಕಬೇಕು ಅಂದರೆ ಯಾಕೆ ಅಂತ ಕೇಳಿ. ಮಣಿ ಜಾರಿದ್ದರೆ, ಅಲುಗಾಡುತ್ತಿದ್ದರೆ ಬೇಕಾಗುತ್ತದೆ, ಮೊದಲ ಸಲದ ಸಾದಾ ಡಿಸ್ಕ್‌ಗೆ ಸಾಮಾನ್ಯವಾಗಿ ಬೇಡ.

ತೊಂದರೆಗಳೂ ಇವೆ. ನರದ ಚೀಲ ಹರಿದು ನೀರು ಸೋರಬಹುದು, ಸೋಂಕಾಗಬಹುದು, ಅಪರೂಪಕ್ಕೆ ನರಕ್ಕೇ ಪೆಟ್ಟಾಗಬಹುದು. ನೂರರಲ್ಲಿ ಸುಮಾರು ಐದರಿಂದ ಹತ್ತು ಜನಕ್ಕೆ ಅದೇ ಡಿಸ್ಕ್ ಮತ್ತೆ ಜಾರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ, ನೀವಾಗೇ ನಿಲ್ಲಿಸಬೇಡಿ. ಬೀಡಿ, ಗುಟ್ಕಾ ಬಿಡಿ. ಸಕ್ಕರೆ ಹತೋಟಿಗೆ ತನ್ನಿ, ಆದರೆ ಪಾದ ಬೀಳುತ್ತಿರುವಾಗ ಸಕ್ಕರೆ ಇಳಿಯಲಿ ಅಂತ ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಡಿ, ಅಡ್ಮಿಟ್ ಮಾಡಿಕೊಂಡು ಇನ್ಸುಲಿನ್ ಕೊಟ್ಟು ಬೇಗ ಇಳಿಸುತ್ತಾರೆ.

ಆಪರೇಷನ್ ಆದಮೇಲೆ

ಕಾಲುನೋವು ಎಷ್ಟೋ ಜನಕ್ಕೆ ಎಚ್ಚರವಾಗುವಷ್ಟರಲ್ಲೇ ಹೋಗಿರುತ್ತದೆ. ಪಾದ ಮಾತ್ರ ಹಾಗೇ ಬಿದ್ದಿರುತ್ತದೆ. "ಆಪರೇಷನ್ ಫೇಲ್ ಆತು" ಅಂತ ಮನೆಯವರು ಅಳಲು ಶುರು ಮಾಡುವುದು ಈಗಲೇ. ಫೇಲ್ ಆಗಿಲ್ಲ. ಒತ್ತಿದ ನರ ಸುಧಾರಿಸಲು ವಾರಗಳು, ತಿಂಗಳುಗಳು ಬೇಕು. ಒಳಗಿನ ಎಳೆ ಹಾಳಾಗಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಂಟದಿಂದ ಮೀನಖಂಡದ ಮುಂಭಾಗಕ್ಕೆ ಎಷ್ಟು ದೂರ ಅಂತ ನೀವೇ ಲೆಕ್ಕ ಹಾಕಿ. ವರ್ಷದವರೆಗೂ, ಕೆಲವರಿಗೆ ಅದಕ್ಕಿಂತ ಆಚೆಗೂ ಬಲ ಬರುತ್ತಿರುತ್ತದೆ. ಪೂರ್ತಿ ಬರದವರೂ ಇದ್ದಾರೆ, ಮೊದಲೇ 0 ಅಥವಾ 1ಕ್ಕೆ ಇಳಿದಿದ್ದವರಲ್ಲಿ ಇದು ಜಾಸ್ತಿ.

ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಎಬ್ಬಿಸಿ ನಡೆಸುತ್ತಾರೆ. ಹೆದರಿ ಮಲಗಿರಬೇಡಿ. ಊರಿಗೆ ಹೋಗಲು ಬೈಕ್, ಟಂಟಂ ಬೇಡ. ಕಾರಿನ ಮುಂದಿನ ಸೀಟನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಕೂತು, ಅರ್ಧ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಿ. ಮೊದಲ ಆರು ವಾರ ಬಾಗಿ ಎತ್ತುವುದು, ಸೊಂಟ ತಿರುಚುವುದು ಬೇಡ. ಇದನ್ನು ಎಲ್ಲ ಡಾಕ್ಟರೂ ಹೇಳುತ್ತಾರೆ, ಆದರೆ ನಮ್ಮ ಮನೆಗಳಲ್ಲಿ ಇದರ ಅರ್ಥ ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನೀರಿನ ಕೊಡ ಎತ್ತುವಂತಿಲ್ಲ. ಮೋಟು ಕಸಬರಿಗೆ ಹಿಡಿದು ಕಸ ಹೊಡೆಯುವಂತಿಲ್ಲ. ನೆಲದ ಮೇಲೆ ಕೂತು ರೊಟ್ಟಿ ಬಡಿಯುವಂತಿಲ್ಲ, ಬಡಿಯಲೇಬೇಕಾದರೆ ಕೆಲವು ವಾರ ಆದಮೇಲೆ ಕಟ್ಟೆ ಮೇಲೆ, ನಿಂತು. ಊಟಕ್ಕೆ ಕುರ್ಚಿ. ಸಂಡಾಸಿಗೆ ಕಮೋಡ್ ಇಲ್ಲದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಕಮೋಡ್ ಕುರ್ಚಿ ಸಿಗುತ್ತದೆ, ಆಪರೇಷನ್‌ಗೆ ಹೋಗುವ ಮೊದಲೇ ತಂದಿಟ್ಟಿರಿ. ಇಳಕಲ್, ಗುಳೇದಗುಡ್ಡದಲ್ಲಿ ಕುಣಿಮಗ್ಗದ ಮೇಲೆ ಕೂರುವವರು, ಮುಧೋಳ ಕಡೆ ಕಬ್ಬಿನ ಹೊರೆ ಹೊರುವವರು ಯಾವಾಗ ಕೆಲಸಕ್ಕೆ ಹೋಗಬಹುದು ಅಂತ ಹೆಸರಿಟ್ಟೇ ಕೇಳಿ. ಕುರ್ಚಿ ಕೆಲಸದವರಿಗೆ ಹೇಳುವ ತಾರೀಖು ನಿಮಗೆ ಅನ್ವಯಿಸುವುದಿಲ್ಲ.

ಪಾದದ ಕೆಲಸ ಮೊದಲ ದಿನದಿಂದಲೇ. ಬಿದ್ದ ಪಾದ ಹಾಗೇ ಕೆಳಮುಖವಾಗಿ ಉಳಿದರೆ ಹಿಮ್ಮಡಿಯ ಹಿಂದಿನ ನಾರು ಗಿಡ್ಡವಾಗುತ್ತದೆ. ಆಮೇಲೆ ನರ ಸುಧಾರಿಸಿದರೂ ಪಾದ ಏಳುವುದಿಲ್ಲ. ಎರಡು ದಿಂಬಿಗೆ ಒರಗಿ ಕಾಲು ಚಾಚಿ, ಟವೆಲನ್ನು ಮುಂಗಾಲಿಗೆ ಸುತ್ತಿ, ಬಾಗದೆ, ಕೈಯಿಂದ ಮೆಲ್ಲಗೆ ಎಳೆದು ಮೂವತ್ತು ಎಣಿಸುವವರೆಗೆ ಹಿಡಿಯಿರಿ, ದಿನಕ್ಕೆ ಹಲವು ಸಲ. ಜೊತೆಗೆ, ಆಡಲಿ ಬಿಡಲಿ, ಪಾದ ಎತ್ತುವ ಪ್ರಯತ್ನವನ್ನು ಮನಸ್ಸಿಟ್ಟು ಮಾಡಿ. ನಡೆಯುವಾಗ ಎಎಫ್ಒ ಅನ್ನುವ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿ, ಅದು ಪಾದವನ್ನು ಎತ್ತಿ ಹಿಡಿಯುತ್ತದೆ. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಒಂದು ಸೈಜ್ ದೊಡ್ಡ ಶೂ ತೆಗೆದುಕೊಳ್ಳಿ. ಸ್ಪ್ಲಿಂಟ್ ತೆಗೆದಾಗಲೆಲ್ಲ ಚರ್ಮ ಕೆಂಪಾಗಿದೆಯಾ ನೋಡಿ, ಜೋಮು ಇರುವ ಕಾಲಿಗೆ ಹುಣ್ಣಾದದ್ದೇ ಗೊತ್ತಾಗುವುದಿಲ್ಲ. ಇದೇ ಕಾರಣಕ್ಕೆ ಬಿಸಿ ನೀರಿನ ಚೀಲ, ಉಪ್ಪಿನ ಗಂಟಿನ ಶಾಖ ಆ ಪಾದಕ್ಕೆ ಬೇಡವೇ ಬೇಡ, ಸುಟ್ಟ ಗಾಯದ ಜೊತೆ ಬಂದವರನ್ನು ನೋಡಿದ್ದೇನೆ.

ಬೈಕ್ ವಿಷಯ ಗಂಡಸರು ಮೊದಲು ಕೇಳುತ್ತಾರೆ. ಎಡಪಾದ ಏಳದಿದ್ದರೆ ಗೇರ್ ಬದಲಿಸುವುದು ಕಷ್ಟ, ಬಲಪಾದ ಸೋತಿದ್ದರೆ ಬ್ರೇಕ್ ಮೇಲೆ ಹಿಡಿತ ಇರುವುದಿಲ್ಲ. ಬಲ ಕನಿಷ್ಠ 4ಕ್ಕೆ ಬಂದು ಸರ್ಜನ್ ಒಪ್ಪುವವರೆಗೆ ಕೀಲಿ ಮನೆಯವರ ಹತ್ತಿರ ಇರಲಿ.

ಜ್ವರ ಬಂದರೆ, ಗಾಯದಿಂದ ಕೀವು ಅಥವಾ ತಿಳಿ ನೀರು ಬಂದರೆ, ಎದ್ದು ಕೂತಾಗ ಜೋರು ತಲೆನೋವು ಬಂದು ಮಲಗಿದಾಗ ಇಳಿದರೆ, ಮೀನಖಂಡ ಬಾತರೆ, ಹೋದ ಕಾಲುನೋವು ಮತ್ತೆ ಶುರುವಾದರೆ ಮುಂದಿನ ಚೆಕಪ್ ತಾರೀಖಿಗೆ ಕಾಯದೆ ಹೋಗಿ. ಬಲ ಮತ್ತೆ ಇಳಿದರೆ ಅದೇ ದಿನ, ಮೂತ್ರ ಕಟ್ಟಿದರೆ ಆ ಕ್ಷಣವೇ. ಉಳಿದಂತೆ ಪ್ರತಿ ಸಲ ಹೋದಾಗಲೂ ಬಲದ ಆ ನಂಬರನ್ನು ಬರೆಸಿ. ಒಂದು ವರ್ಷ ಬಿಡದೆ ವ್ಯಾಯಾಮ ಮಾಡಿದರೂ ಪಾದ ಏಳದಿದ್ದರೆ, ಬಲ ಇರುವ ಬೇರೆ ಸ್ನಾಯುವಿನ ನಾರನ್ನು ಪಾದದ ಮೇಲ್ಭಾಗಕ್ಕೆ ತಿರುಗಿಸಿ ಜೋಡಿಸುವ ಆಪರೇಷನ್ ಇದೆ. ಹಿಮ್ಮಡಿಯ ನಾರು ಗಿಡ್ಡವಾಗದಂತೆ ನೋಡಿಕೊಂಡಿದ್ದರೆ ಆ ಆಪರೇಷನ್ ಸಲೀಸು, ಅದಕ್ಕೇ ಟವೆಲ್ ವ್ಯಾಯಾಮ ಬಿಡಬೇಡಿ ಅಂತ ಬರುವವರಿಗೆಲ್ಲ ಹೇಳುವುದು.